ಪ್ಯಾಂಟಿನ ಜೇಬಲ್ಲಿ ಪುದೀನ

ಚಾಮರಾಜಪುರಂನ ಆ ಎರಡನೇ ಮಹಡಿಯ ಬಾಲ್ಕನಿಯಲ್ಲಿ ಒಂದು ಕುರ್ಚಿ ಹಾಕಿದರೆ ಇನ್ನೊಬ್ಬರು ಒರಗಿಕೊಂಡೇ ನಿಲ್ಲಬೇಕು. ಅಲ್ಲೇ ತೋಟ ಮಾಡುತ್ತೇನೆಂದು ಪ್ರೇಮಲೀಲಾ ಹೇಳಿದಾಗ ಗಂಡ ಚನ್ನಬಸವಯ್ಯ ಪೇಪರಿನಿಂದ ತಲೆ ಎತ್ತಲಿಲ್ಲ.

"ನನ್ ಕುರ್ಚಿ ಅಲ್ಲಾಡ್ಬಾರ್ದು, ಅಷ್ಟೆ."

"ನೆಲ ನೀವೇ ಇಟ್ಕೊಳಿ. ಗೋಡೆ ನನಗ್ ಬುಡಿ."

ಗೋಡೆಗೆ ತೂಗುಹಾಕುವ ಚೀಲಕ್ಕೆ ಗಟ್ಟಿ ಬಟ್ಟೆ ಬೇಕಿತ್ತು. ಅಟ್ಟದ ಟ್ರಂಕಿನಲ್ಲಿ ಗಂಡನ ಖಾಕಿ ಪ್ಯಾಂಟುಗಳಿದ್ದವು. ಮೇಟಗಳ್ಳಿಯ ಕಾರ್ಖಾನೆಯಿಂದ ಅವರು ನಿವೃತ್ತರಾದ ಮೇಲೆ ಅವನ್ನು ಯಾರೂ ಮುಟ್ಟಿರಲಿಲ್ಲ. ಪ್ರೇಮಲೀಲಾ ಕಾಲಿನ ತುದಿಗಳನ್ನು ಹೊಲಿದು, ತೆಂಗಿನನಾರಿನ ಪುಡಿ, ಗೊಬ್ಬರ ತುಂಬಿ, ಪ್ಯಾಂಟುಗಳನ್ನು ಗೋಡೆಯ ಮೇಲಿನ ಸರಳಿಗೆ ಸಾಲಾಗಿ ಕಟ್ಟಿದರು. ಕಾಲುಗಳಲ್ಲಿ ಸೀಳು ಮಾಡಿ ದೊಡ್ಡಪತ್ರೆ, ಒಂದೆಲಗ ನೆಟ್ಟರು. ಜೇಬುಗಳಿಗೆ ಪುದೀನ.

ಪೂಜೆ ಮುಗಿಸಿ ಬಂದ ಚನ್ನಬಸವಯ್ಯ ಬಾಗಿಲಲ್ಲೇ ನಿಂತರು.

"ಇದು ನನ್ ಪ್ಯಾಂಟಲ್ವೇನೇ?"

"ಟ್ರಂಕಲ್ಲಿದ್ದಾಗ ಅದ್ರಲ್ಲಿ ಏನ್ ಬೆಳೀತಿತ್ತು?"

"ಬೀದೀಲಿ ಹೋಗೋರೆಲ್ಲ ನೋಡ್ತಾರೆ ಕಣೇ."

"ನೋಡ್ಲಿ ಬುಡಿ. ಒಗ್ದೇ ಹಾಕಿದೀನಿ."

ಅವರು ಗೋಡೆಗೆ ಬೆನ್ನು ಮಾಡಿ ಕೂತರು. ಪುದೀನ ಚಿಗುರಿತು, ಹಬ್ಬಿತು, ಅವರ ಕಿವಿಯನ್ನೂ ತಡವಿತು. ಕೆಳಗಿನ ಮನೆಯ ರಮಾಮಣಿ ಬೀದಿಗೆಲ್ಲ ಕೇಳುವಂತೆ, "ಪ್ರೇಮಾ, ನಿಮ್ಮನೆಯವ್ರ ಜೇಬಿಂದ ಒಂಚೂರು ಪುದೀನ ಕೊಡ್ತೀರಾ?" ಎಂದು ಕೇಳಿದ ದಿನ ಚನ್ನಬಸವಯ್ಯ ಊಟವನ್ನೂ ಸರಿಯಾಗಿ ಮಾಡಲಿಲ್ಲ.

ಹೀಗಿರುವಾಗ ಕಾರ್ಖಾನೆಯ ಹಳೆಯ ಜೊತೆಗಾರ ವೃಷಭೇಂದ್ರಪ್ಪ ಬಂದರು. ನಡುಮನೆಯಲ್ಲೇ ಕೂರಿಸಲು ಚನ್ನಬಸವಯ್ಯ ಎಷ್ಟೋ ಪ್ರಯತ್ನಪಟ್ಟರು, ಫ್ಯಾನನ್ನೂ ಜೋರು ಮಾಡಿದರು. ಆದರೂ ಗೆಳೆಯ ಗಾಳಿಗೆಂದು ಬಾಲ್ಕನಿಗೇ ನಡೆದರು.

ನಗು ಕೇಳುತ್ತದೆಂದು ಚನ್ನಬಸವಯ್ಯ ಕಾದರು. ಕೇಳಲಿಲ್ಲ. ವೃಷಭೇಂದ್ರಪ್ಪ ಒಂದು ಕಾಲಿನ ಹೊಲಿಗೆಯನ್ನು ಬೆರಳಿನಿಂದ ಸವರುತ್ತಿದ್ದರು.

"ನಮ್ ಯೂನಿಫಾರಂ ಅಲ್ವೇನಯ್ಯಾ? ಎಷ್ಟ್ ಗಟ್ಟಿ ನೋಡು."

"ಎಲ್ಲಾ ಇವಳ ಕೆಲಸ."

"ನನ್ನವನ್ನೆಲ್ಲ ನಮ್ಮನೆಯವಳು ಪಾತ್ರೆ ಮಾರೋಳಿಗ್ ಕೊಟ್ಟು ಒಂದ್ ಜರಡಿ ತಗೊಂಡ್ಳು. ಅದ್ರಲ್ಲೇ ದಿನಾ ಹಿಟ್ಟು ಜರಡಿ ಹಿಡೀತಾಳೆ, ನಾನ್ ನೋಡ್ತಾ ಕೂರ್ತೀನಿ." ಅವರು ಉಸಿರುಬಿಟ್ಟರು. "ನಿಂದು ಚಿಗುರ್ತಾ ಇದೆ ಕಣಯ್ಯ. ಪುಣ್ಯವಂತ."

ಚನ್ನಬಸವಯ್ಯ ಗೋಡೆಯ ಹತ್ತಿರ ಬಂದು, "ತಗೊಂಡ್ ಹೋಗು, ಚಟ್ನಿಗಾಗುತ್ತೆ," ಎಂದು ಬಲಜೇಬಿಗೆ ಸಲೀಸಾಗಿ ಕೈಹಾಕಿ ಒಂದು ಹಿಡಿ ಪುದೀನ ಕಿತ್ತುಕೊಟ್ಟರು.

ಮರುದಿನ ಪ್ರೇಮಲೀಲಾ ಎದ್ದು ಬಂದಾಗ ಗಂಡ ಅಟ್ಟದಿಂದ ಇಳಿಯುತ್ತಿದ್ದರು. ಹೆಗಲ ಮೇಲೆ ಎರಡು ಖಾಕಿ ಶರ್ಟುಗಳಿದ್ದವು.

"ಇದಕ್ಕೂ ಜೇಬಿದೆ. ಏನ್ ಹಾಕ್ಬೋದು?"

"ಕೊತ್ತಂಬರಿ ಹಾಕೋಣ. ಮೊದ್ಲು ಗುಂಡಿ ಹಾಕಿ, ಇಲ್ದಿದ್ರೆ ಮಣ್ಣೆಲ್ಲ ಚೆಲ್ಲುತ್ತೆ."

ಚನ್ನಬಸವಯ್ಯ ನೆಲದ ಮೇಲೆ ಕೂತು, ಕತ್ತಿನಿಂದ ಶುರುಮಾಡಿ, ಒಂದೊಂದೇ ಗುಂಡಿ ಹಾಕತೊಡಗಿದರು.