ಹೂಂ ಅನ್ನದ ಕೊನೆಯ ಅಧ್ಯಾಯ

ದೇವದುರ್ಗದ ಕೂಲಿಕಾರರ ಓಣಿಯಲ್ಲಿ ಮಾನಮ್ಮ ದೀಪ ಹಚ್ಚಿ, ಶಿವನನ್ನು ನೆನೆದು ಕತೆಗೆ ಕೂತರೆ ಯಾರಾದರೊಬ್ಬರು ಮಾತುಮಾತಿಗೆ ‘ಹೂಂ’ ಅನ್ನಬೇಕಿತ್ತು. ಹೂಂ ನಿಂತರೆ ಕತೆಯೂ ನಿಲ್ಲುತ್ತಿತ್ತು. ಸಣ್ಣಂದಿನಿಂದ ಆ ಕೆಲಸ ಮಗ ಮೌನಪ್ಪನದು. ಬೆಳೆದು ಮಾನ್ವಿಯಲ್ಲಿ ಮಾಸ್ತರನಾದ ಮೇಲೆ ಅವನು ಮಕ್ಕಳಿಗಾಗಿ ಒಂದು ಕಾದಂಬರಿ ಬರೆದ. ಎಮ್ಮೆ ಕಾಯುವ ಶೇಖಮ್ಮ ಎಂಬ ಹುಡುಗಿ ತುಂಬಿದ ಕೃಷ್ಣೆಯನ್ನು ದಾಟಿ, ಕಳ್ಳರು ಒಯ್ದಿದ್ದ ಊರ ಎಮ್ಮೆಗಳನ್ನು ಹೊಡೆದುಕೊಂಡು ಬರುವ ಕತೆ.

೧೯೪೯ರಲ್ಲಿ ರಾಯಚೂರಿನ ಅಚ್ಚುಕೂಟದ ಶೇಷಗಿರಿರಾಯರು ಅದನ್ನು ಅಚ್ಚು ಹಾಕಲು ಒಪ್ಪಿದರು. ಅಚ್ಚಿನ ಕರಡು ತಿದ್ದಲು ಕರೆ ಬಂದಾಗ ಮೌನಪ್ಪ ಅವ್ವನನ್ನೂ ಕರೆದೊಯ್ದ. ಅವಳು ಹೊರಗೆ ಕಟ್ಟೆಯ ಮೇಲೆ ಕೂತಳು; ಒಳಗೆ ಬಾ ಎಂದು ಯಾರೂ ಅನ್ನಲಿಲ್ಲ. ಅವನು ಬಾಗಿಲಲ್ಲೇ ನಿಂತು ಅವಳಿಗೆ ಕೇಳುವಂತೆ ಓದಿದ. ಮಾತುಮಾತಿಗೂ ಹೊರಗಿನಿಂದ ಹೂಂ ಬಂತು. ಕೊನೆಗೆ ಅವನು ಬರೆಯದೇ ಇದ್ದ ಒಂದು ಅಧ್ಯಾಯ ಎದುರಾಯಿತು: ಶೇಖಮ್ಮನ ತೋಳಿನ ಮೇಲೆ ರಾಜಮನೆತನದ ಮಚ್ಚೆ, ಅವಳು ಕಳೆದುಹೋಗಿದ್ದ ರಾಜಕುಮಾರಿ.

ಹೂಂ ನಿಂತಿತು.

“ಇದನ್ಯಾರು ಬರದಾರ್ರೀ?” ಮೌನಪ್ಪ ಕೇಳಿದ.

“ನಾನೇ ಸೇರಿಸೀನಿ,” ರಾಯರು ನಕ್ಕರು. “ಎಮ್ಮಿ ಕಾಯೋ ಹುಡುಗಿಗೆ ಇಷ್ಟು ಧೈರ್ಯ ಎಲ್ಲಿಂದ ಬಂತು ಅಂತ ಓದೋರು ಕೇಳ್ತಾರ. ರಾಜನ ರಕ್ತ ಅಂದ್ರ ನಂಬ್ತಾರ. ನಿನ್ನ ಒಳ್ಳೇದಕ್ಕ ಮಾಡೀನಪ್ಪಾ.”

ಮೌನಪ್ಪ ದನಿ ಏರಿಸಿದ. “ನಮ್ಮವ್ವ ತುಂಬಿದ ಹೊಳಿ ಈಸಿ ಕೂಲಿಗೆ ಹೋಗ್ಯಾಳ್ರೀ. ಆಕಿ ಯಾವ ರಾಜನ ಮಗಳು?”

“ಒದರಬ್ಯಾಡ. ಅಚ್ಚಿನ ಮೊಳಿ ಜೋಡಿಸಿ ಆಗ್ಯಾದ. ಹಿಂಗ ಆದ್ರ ಪುಸ್ತಕ, ಇಲ್ಲಂದ್ರ ಇಲ್ಲ.” ರಾಯರು ಕಟ್ಟೆಯತ್ತ ತಿರುಗಿದರು. “ಯಾಕಬೇ, ಹೂಂ ಅನ್ನೋದು ಬಿಟ್ಟಿ? ನಿದ್ದಿ ಬಂತೇನು?”

“ನಿದ್ದಿ ಎಲ್ಲೀದ್ರೀ ಯಪ್ಪಾ! ನಮ್ಮ ಹುಡುಗೀನ ಅರಮನಿಗೆ ಒಯ್ದೀರಿ. ಹೊಳ್ಳಿ ಬರೂತನಾ ಕಾಯಾಕತ್ತೀನಿ.”

ರಾಯರು ಮತ್ತೆ ನಕ್ಕರು. ಆ ನಗೆಯನ್ನು ಮೌನಪ್ಪನಿಗೆ ಸಹಿಸಲಾಗಲಿಲ್ಲ. ಕೊನೆಯ ಅಧ್ಯಾಯದ ಸೀಸದ ಮೊಳೆಗಳು ದಾರ ಸುತ್ತಿಸಿಕೊಂಡು ಮೇಜಿನ ಮೇಲೆ ಒಂದು ಹಲಗೆಯಲ್ಲಿದ್ದವು. ಅವನು ಒಳನುಗ್ಗಿ ದಾರ ಕಿತ್ತು, ಹಲಗೆಯನ್ನೇ ಎತ್ತಿ ನೆಲಕ್ಕೆ ಸುರಿದ. ರಾಜಕುಮಾರಿ ಅಕ್ಷರ ಅಕ್ಷರವಾಗಿ ಮೂಲೆಮೂಲೆಗೆ ಉರುಳಿದಳು.

“ನಡಿ ಹೊರಗ! ಈ ಊರಾಗ ನಿನ್ನ ಪುಸ್ತಕ ಯಾವನು ಹಾಕ್ತಾನ ನಾನೂ ನೋಡ್ತೀನಿ!”

“ನೋಡ್ರಿ! ಕಣ್ಣು ತುಂಬಾ ನೋಡ್ರಿ!”

ತಾನು ಬರೆದ ಹಾಳೆಗಳನ್ನು ಕಸಿದುಕೊಂಡು ಅವನು ಬಸ್ಸು ನಿಲ್ಲುವಲ್ಲಿಗೆ ಬಿರಬಿರನೆ ನಡೆದ. ಮಾನ್ವಿಯ ಬಸ್ಸು ಇನ್ನೂ ಬಂದಿರಲಿಲ್ಲ. ಏದುಸಿರು ಬಿಡುತ್ತ ಹಿಂದೆಯೇ ಬಂದ ಮಾನಮ್ಮ ಬೇವಿನ ನೆರಳಿಗೆ ಕೂತಳು.

“ಓದು.”

“ಏನು ಓದ್ಲಿ ಯವ್ವಾ? ಮೊದಲನೇ ಪುಸ್ತಕ ಮಣ್ಣಾತು. ನಾನೇ ಮಾಡಿದೆ.”

“ಎಮ್ಮಿ ಹೊಳಿ ದಂಡಿಗೆ ಬಂದಿದ್ವು. ಮುಂದ?”

ಮೌನಪ್ಪ ಕೊನೆಯ ಹಾಳೆ ತೆಗೆದ. ಯಾರನ್ನೋ ಬೈಯುವ ದನಿಯಲ್ಲೇ ಅವನು ಓದಿದ: “ಶೇಖಮ್ಮ ಒದ್ದೆ ಲಂಗ ಹಿಂಡಿಕೊಂಡು, ಎಮ್ಮೆಗಳನ್ನು ಮುಂದೆ ಬಿಟ್ಟುಕೊಂಡು ತನ್ನ ಗುಡಿಸಲಿಗೆ ಬಂದಳು.”

“ಹೂಂ,” ಅಂದಳು ಮಾನಮ್ಮ.