ಗಂಟಿನ ಮನೆಯ ಯಜಮಾನ

ಎಲೆಗಳ ಮೇಲೆ ಏಳುವ ಗಂಟುಗಳನ್ನು ಬಾಟಲಿಯಲ್ಲಿಟ್ಟು, ಒಳಗಿನಿಂದ ಯಾರು ಹೊರಬರುತ್ತಾರೆಂದು ಕಾಯುವುದು ನನ್ನ ಕೆಲಸ. ಇದನ್ನು ಹೇಳಿದರೆ ಜನ ನನ್ನನ್ನು ಬಿಟ್ಟು ನನ್ನ ತಮ್ಮನನ್ನು ನೋಡುತ್ತಾರೆ, ಪಾಪ, ಹೇಗೆ ಸಹಿಸುತ್ತಾನೋ ಎಂಬಂತೆ. ಸಹಿಸುತ್ತಿರುವವಳು ನಾನು! ಅವನು ಮನೆಮನೆಗೆ ಹೋಗಿ ಜಿರಳೆ, ಗೆದ್ದಲು, ತಿಗಣೆಗಳಿಗೆ ಔಷಧಿ ಹೊಡೆಯುವವನು. ಇಬ್ಬರಿಗೂ ಇರುವುದು ಇದೊಂದೇ ಮನೆ.

ಅದಕ್ಕೇ ನಾನು ಕಟ್ಟಪ್ಪಣೆ ಮಾಡಿದ್ದೆ. ಔಷಧಿ ಡಬ್ಬಿ ಒಳಗೆ ಬರಕೂಡದು, ಕೆಲಸದ ಬಟ್ಟೆ ಹೊರಗೇ ಇರಬೇಕು, ಸ್ನಾನ ಮಾಡದೆ ನನ್ನ ಕೋಣೆಗೆ ಕಾಲಿಡಕೂಡದು. ಅವನು ಗೊಣಗುತ್ತಲೇ ಪಾಲಿಸುತ್ತಿದ್ದ.

ಬೀದಿಯ ಕೊನೆಯ ಮರದ ಎಲೆಗಳಲ್ಲಿ ಬಟಾಣಿಯಷ್ಟು ಗಂಟುಗಳು ಎದ್ದಿದ್ದವು. ಒಂದು ಪುಟ್ಟ ನೊಣದ ಮರಿಹುಳು ಎಲೆಯೊಳಗೆ ಸೇರಿಕೊಂಡು, ಎಲೆಯಿಂದಲೇ ತನಗೊಂದು ಮನೆ ಬೆಳೆಸಿಕೊಳ್ಳುತ್ತದೆ. ಅದೇ ಗಂಟು. ಅಲ್ಲಿಗೆ ಮುಗಿದಿದ್ದರೆ ನಾನು ನೆಮ್ಮದಿಯಾಗಿರುತ್ತಿದ್ದೆ. ಆ ಮನೆಗೆ ಹೇಳದೆ ಕೇಳದೆ ಬಿಡಾರದವರು ಬರುತ್ತಾರೆ. ಯಜಮಾನನನ್ನೇ ತಿನ್ನುವ ಪುಟ್ಟ ಕಣಜ ಬರುತ್ತದೆ. ಆ ಕಣಜದ ಮರಿಯನ್ನು ತಿನ್ನಲು ಇನ್ನೊಂದು ಕಣಜ. ಎಲ್ಲ ಖಾಲಿಯಾದ ಮೇಲೆ ಇರುವೆಗಳು ಸಂಸಾರ ಹೂಡುತ್ತವೆ. ನನ್ನ ಬಾಟಲಿಗಳಿಂದ ಇವರೆಲ್ಲ ಠೀವಿಯಿಂದ ಹೊರಬಂದರು. ಮನೆ ಕಟ್ಟಿದವನು ಮಾತ್ರ ನಾಪತ್ತೆ.

"ಯಜಮಾನ ಇಲ್ದೆ ಬರೀ ಬಿಡಾರದವರನ್ನ ಇಟ್ಕೊಂಡು ಏನಮ್ಮ ಮಾಡೋದು?" ಎಂದರು ನನ್ನ ಸಂಶೋಧನೆ ನೋಡಿಕೊಳ್ಳುವ ವಿಭಾಗದ ಮೇಡಂ. "ಒಂದಾದ್ರೂ ತೋರ್ಸು, ಸತ್ತಿದ್ರೂ ಸರಿ. ಈ ವಾರ ಆಗ್ಲಿಲ್ಲ ಅಂದ್ರೆ ಬೇರೆ ವಿಷಯ ಹಿಡಿ."

ಬೇರೆ ವಿಷಯವೆಂದರೆ ಇಷ್ಟು ವರ್ಷದ ದುಡಿಮೆಯೆಲ್ಲ ಮಣ್ಣುಪಾಲು. ಮರದ ಕೊಂಬೆಗಳನ್ನು ವಿದ್ಯುತ್ ತಂತಿಗೆ ತಾಗುತ್ತವೆಂದು ಆಗಲೇ ಕಡಿದುಹಾಕಿದ್ದರು. ಉಳಿದದ್ದು ನನ್ನ ಕೋಣೆಯ ಕಿಟಕಿಯ ಬಳಿಯ ಒಂದೇ ಬಾಟಲಿ.

ಆ ಸಂಜೆ ತಮ್ಮ ಬಾಗಿಲಲ್ಲೇ ಎದುರಾದ. ಸ್ನಾನ ಮಾಡಿ, ತಲೆ ಬಾಚಿಕೊಂಡು, ಬಲಗೈಯನ್ನು ಮುಂದಕ್ಕೆ ಚಾಚಿ ನಿಂತಿದ್ದ.

"ಅಕ್ಕಾ, ಬೈಬೇಡ. ಒಳ್ಳೇ ಕೆಲಸಾನೇ ಮಾಡಿದೀನಿ."

ಅವನು ಹೀಗೆ ಶುರುಮಾಡಿದಾಗಲೆಲ್ಲ ನಾನು ಮೊದಲು ಬಾಟಲಿಗಳ ಕಡೆ ನೋಡುತ್ತೇನೆ.

"ನಿನ್ನ ಬಾಟ್ಲಿಯೊಳಗೆ ಸೊಳ್ಳೆ ಸೇರ್ಕೊಂಡಿತ್ತು. ನಿನ್ನ ಹುಳಗಳಿಗೆ ಏನಾದ್ರೂ ಮಾಡೀತು ಅಂತ ಬಾಟ್ಲಿ ಬಾಯಿನ ಬಟ್ಟೆ ಬಿಚ್ಚಿದೆ. ಹಾರ್ತು. ಹೊಡೆದೆ. ಔಷಧಿ ಮುಟ್ಲಿಲ್ಲ ನೋಡು, ಬರೀ ಕೈ."

ಬಾಟಲಿಯ ಬಾಯಿಗೆ ಕಟ್ಟಿದ್ದ ಬಟ್ಟೆಯನ್ನು ಮೇಜಿನ ಮೇಲೆ ನೀಟಾಗಿ ಮಡಚಿಟ್ಟಿದ್ದ. ಬಾಟಲಿ ಎತ್ತಿ ನೋಡಿದೆ. ಒಂದು ಗಂಟಿಗೆ ಹೊಸ ತೂತು. ತೂತಿನಿಂದ ಕಳಚಿದ ತೆಳು ಪೊರೆಯೊಂದು ಅರ್ಧ ಹೊರಚಾಚಿತ್ತು. ಕಣಜಗಳು ಹೀಗೆ ಪೊರೆ ಬಿಟ್ಟು ಹೋಗುವುದಿಲ್ಲ. ನನಗೆ ಅಳು, ಸಿಟ್ಟು ಎರಡೂ ಒಟ್ಟಿಗೆ ಬಂದವು.

"ಸೊಳ್ಳೆ ಅಲ್ವೋ ಮಹಾರಾಯ! ಅದೇ ಯಜಮಾನ! ಇಷ್ಟು ವರ್ಷ ನಾನು ಕಾದಿದ್ದು ಅದಕ್ಕೇ ಕಣೋ!"

ಅವನು ತನ್ನ ಅಂಗೈ ನೋಡಿಕೊಂಡ. "ತಾಳು, ಕೈ ತೊಳ್ಕೊಂಡು ಬರ್ತೀನಿ."

"ಅಲ್ಲಾಡಿದ್ರೆ ಕೈ ಕತ್ತರಿಸ್ತೀನಿ!"

ಅವನನ್ನು ಕುರ್ಚಿಯಲ್ಲಿ ಕುಕ್ಕಿ, ಅಂಗೈಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟೆ. ಹೊಟ್ಟೆ ಅಪ್ಪಚ್ಚಿ, ಕಾಲುಗಳು ದಿಕ್ಕಾಪಾಲು. ಆದರೆ ಹೆಬ್ಬೆರಳಿನ ಬುಡದಲ್ಲಿ ಒಂದು ರೆಕ್ಕೆ ಸುಕ್ಕಿಲ್ಲದೆ ಅಂಟಿಕೊಂಡಿತ್ತು. ಅದರಲ್ಲಿ ಬೆರಳೆಣಿಕೆಯ ನರಗಳು. ಪಕ್ಕದಲ್ಲೇ ಮಣಿ ಪೋಣಿಸಿದಂಥ ಮೀಸೆ. ಗಂಟು ಕಟ್ಟುವ ನೊಣವೇ ಅದು, ಅನುಮಾನವಿರಲಿಲ್ಲ. ಡಬ್ಬಿ ಹಿಡಿದು ಔಷಧಿ ಹೊಡೆದಿದ್ದರೆ ಉಳಿದ ಗಂಟುಗಳೂ ಸಾಯುತ್ತಿದ್ದವಲ್ಲ ಎಂದು ಹೊಳೆದು, ಬಾಯಿಗೆ ಬಂದ ಬೈಗುಳವನ್ನು ನುಂಗಿಕೊಂಡೆ. ನುಂಗಿಕೊಳ್ಳಬೇಕಾಯಿತಲ್ಲ ಎಂದು ಮತ್ತೆ ಸಿಟ್ಟು ಬಂತು.

ಚಿಮಟದಿಂದ ರೆಕ್ಕೆಯನ್ನು ಗಾಜಿನ ಪಟ್ಟಿಗೆ ಸೇರಿಸುವವರೆಗೂ ಅವನು ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದ. ಸಣ್ಣವನಿದ್ದಾಗ ನನ್ನಿಂದ ಮುಳ್ಳು ತೆಗೆಸಿಕೊಳ್ಳುವಾಗಲೂ ಹೀಗೇ ಕೂರುತ್ತಿದ್ದ.

ಮೇಡಂಗೆ ಫೋನ್ ಮಾಡಿದೆ. ಅವರು ಸಂತೋಷಕ್ಕೆ ಕೂಗಿಯೇಬಿಟ್ಟರು. "ಲೇಬಲ್ ಈಗ್ಲೇ ಬರಿ. ಹಿಡಿದವ್ರ ಹೆಸರೂ ಹಾಕ್ಬೇಕು. ಯಾರು ಹಿಡಿದಿದ್ದು? ನೀನೇ ತಾನೆ?"

"ಅಲ್ಲ ಮೇಡಂ, ನನ್ನ ತಮ್ಮ."

"ಹೌದಾ! ಅವ್ರೂ ಕೀಟಗಳ ಮೇಲೇ ಕೆಲಸ ಮಾಡ್ತಾರಾ?"

ನಾನು ಅವನತ್ತ ನೋಡಿದೆ. ಅಂಗೈಯನ್ನು ಇನ್ನೂ ದೀಪಕ್ಕೆ ಒಡ್ಡಿಕೊಂಡು, ಅಪರಾಧಿಯ ಹಾಗೆ ಕೂತಿದ್ದ.

"ಹೌದು ಮೇಡಂ, ದಿನಾ ಅದೇ ಕೆಲಸ" ಎಂದೆ.

ಹಲ್ಲು ಕಚ್ಚಿಕೊಂಡು ಲೇಬಲ್ಲಿನ ಮೇಲೆ ಅವನ ಹೆಸರು ಬರೆದೆ.

"ಅಕ್ಕಾ, ಈಗಲಾದ್ರೂ ಕೈ ತೊಳ್ಕೊಳ್ಳಾ?"

"ಸುಮ್ನೆ ಕೂತ್ಕೋ. ಇನ್ನೂ ಒಂದು ಕಾಲು ಉಳಿದಿದೆ."