ಮುಯ್ಯಾಳು

"ನಮ್ಮನೆ ಎಂಗಸ್ರು ನಿನ್ ಗದ್ದೆ ಕೆಸ್ರಿಗೆ ಇಳೀಬೇಕೇನಮ್ಮಿ? ತಲೆಗಿಲೆ ಕೆಟ್ಟದಾ ನಿಂಗೆ?"

ಚನ್ನಪ್ಪಗೌಡ ಅಂಗಳದಲ್ಲಿ ನಿಂತು ಹಲ್ಲುಜ್ಜುತ್ತಲೇ ಕೇಳಿದ. ಉಗಿದ ನೊರೆ ನಮ್ಮ ಕಾಲ ಹತ್ತಿರ ಬಿತ್ತು. ಅವ್ವ ಪಕ್ಕಕ್ಕೆ ಸರಿದಳು. ನಾನು ಸರಿಯಲಿಲ್ಲ.

"ಅಂಗಲ್ಲ ಗೌಡ್ರೆ, ಅನಸೂಯವ್ವಾರೇ ಬಂದು ಏಳಿದ್ರು. ಮುಯ್ಯಿಗೆ ಬಾ ಸುಬ್ಬಮ್ಮ, ನಿಮ್ ನಾಟಿಗೆ ನಾವೂ ಬತ್ತೀವಿ ಅಂದ್ರು. ಅದ್ಕೇ ಕೂಲಿ ಮಾತಾಡ್ದೆ ನಿಮ್ ಗದ್ದೆ ನೆಟ್ಕೊಟ್ವಿ. ಇವತ್ತು ನಮ್ದು. ನಾಲೆ ನೀರು ಸಂಜೇಗಂಟ ಅಷ್ಟೇ ಅಂತೆ. ಪೈರು ಕಿತ್ತು ಮಡಗಿವ್ನಿ."

"ಆವತ್ತು ಆಳು ಸಿಕ್ಕಿರ್ನಿಲ್ಲ, ಏಳವ್ಳೆ. ಅದ್ನೇ ಇಡ್ಕೊಂಡು ಬಾಗ್ಲಿಗೆ ಬಂದ್ಬುಡದಾ?"

ಬಾಗಿಲಲ್ಲಿ ನಿಂತಿದ್ದ ಅನಸೂಯಮ್ಮನ ಮುಖವನ್ನು ಅವ್ವ ನೋಡಿದಳು. ಅನಸೂಯಮ್ಮ ಗಂಡನಿಗೆ, "ನೀರು ಕಾದದೆ, ಮಿಂದ್ಕೊಳ್ಳಿ" ಎಂದು ಹೇಳಿ ಒಳಗೆ ಹೋದಳು.

ಮುಯ್ಯಿ ಎಂದರೆ ಇವತ್ತು ನಿನ್ನ ಗದ್ದೆಗೆ ನಾನು, ನಾಳೆ ನನ್ನ ಗದ್ದೆಗೆ ನೀನು. ದುಡ್ಡಿನ ಮಾತಿಲ್ಲ, ಮಧ್ಯಾಹ್ನದ ಊಟ ಮಾತ್ರ ಗದ್ದೆಯವರದು. ಗೌಡರ ಬೀದಿಯಲ್ಲಿ ಅವರವರ ನಡುವೆ ಇದು ಅಜ್ಜಂದಿರ ಕಾಲದಿಂದ ನಡೆದುಕೊಂಡು ಬಂದಿದೆ. ನಮ್ಮ ಕೇರಿಯಲ್ಲಿ ಗದ್ದೆ ಇರುವುದು ನಮಗೊಬ್ಬರಿಗೇ. ಗದ್ದೆಯೇ ಇಲ್ಲದವರಿಗೆ ಮುಯ್ಯಿ ಎಲ್ಲಿಯದು? ಅವರೆಲ್ಲ ಕೋಳಿ ಕೂಗುವ ಹೊತ್ತಿಗೆ ಟೆಂಪೋ ಹತ್ತಿ ಅರಕಲಗೂಡಿನ ಕಡೆ ಶುಂಠಿ ಕೆಲಸಕ್ಕೆ ಹೋಗಿಬಿಡುತ್ತಾರೆ.

ನಮ್ಮ ತಾತ ಗೌಡರ ಮನೆಯ ಜೀತದಾಳು. ಅಪ್ಪ ದ್ಯಾವಯ್ಯ ಮೊದಲು ಮನೆಯಾಳಾಗಿದ್ದ, ಆಮೇಲೆ ಬೆಳೆದದ್ದರಲ್ಲಿ ಅರ್ಧ ಅವರ ಕಣಕ್ಕೆ ಹೊತ್ತು ಹಾಕುವ ವಾರದವನಾದ. ಅವ್ವ ನಾಟಿ ಬಂದರೆ ನಾಟಿಯಾಳು, ಕಳೆ ಬಂದರೆ ಕಳೆಯಾಳು, ಏನೂ ಇಲ್ಲದಿದ್ದರೆ ಬರೀ ಹೆಣ್ಣಾಳು. ಸರ್ಕಾರ ಈ ತುಂಡು ಗದ್ದೆ ಕೊಟ್ಟಾಗ ಕಾಗದದಲ್ಲಿ ಅಪ್ಪನನ್ನು ರೈತ ಎಂದು ಬರೆದರು. ಊರಲ್ಲಿ ಯಾರೂ ಅವನನ್ನು ಹಾಗೆ ಕರೆದದ್ದನ್ನು ನಾನು ಕೇಳಿಲ್ಲ. ಕೆಸರು ಹೇಗಿರುತ್ತದೆಂದೇ ಗೊತ್ತಿಲ್ಲದ ಗೌಡರ ಮಗ ರವೀಂದ್ರ ಮಾತ್ರ ಹೋದ ವರ್ಷ ಹಾಸನದಲ್ಲಿ ಪ್ರಗತಿಪರ ರೈತನೆಂದು ಶಾಲು ಹೊದಿಸಿಕೊಂಡು ಬಂದ. ಫೋಟೋದಲ್ಲಿ ಅವನ ಬೂಟು ಪಳಪಳ ಅನ್ನುತ್ತಿತ್ತು.

ಹೀಗಿರುವಾಗ ಅನಸೂಯಮ್ಮ ಕೇರಿಯ ಬಾಯಿಗೆ ಬಂದು ಮುಯ್ಯಿಗೆ ಕರೆದದ್ದು ಅವ್ವನ ತಲೆಗೆ ಏರಿಬಿಟ್ಟಿತು. ನಲ್ಲಿಯ ಹತ್ತಿರ ಸಿಕ್ಕವರಿಗೆಲ್ಲ ಹೇಳಿಕೊಂಡಳು. "ಬಾನೂ, ಇನ್ಮೇಲೆ ನಾನು ಆಳಲ್ಲ ಕಣೆ, ಮುಯ್ಯಾಳು" ಎಂದು ನನಗೂ ಹೇಳಿದಳು. ನಿನ್ನೆ ಗೊರೂರಿಗೆ ಹೋಗಿ ಬಾಳೆಹಣ್ಣಿನ ಗೊನೆ, ಬಿಸ್ಕತ್ ಪೊಟ್ಟಣ, ಸೀಲು ಒಡೆಯದ ನೀರಿನ ಬಾಟಲಿ ತಂದಿಟ್ಟಳು. ನನಗೆ ಮೈಯೆಲ್ಲ ಉರಿದುಹೋಯಿತು.

"ಮುದ್ದೆ ಸಾರು ಮಾಡವ್ವ. ತಿಂದ್ರೆ ತಿನ್ಲಿ, ಬುಟ್ರೆ ಬುಡ್ಲಿ."

"ಸುಮ್ಕಿರೆ. ನಾವು ಬೇಯ್ಸಿದ್ದು ಅವ್ರು ಮುಟ್ಟಾಕಿಲ್ಲ. ಸಿಪ್ಪೆ ಇರಾದು, ಸೀಲಿರಾದು ಆದ್ರೆ ತಿಂತಾರೆ. ಬಂದೋರು ಅಸ್ಕೊಂಡು ಓಗ್ಬಾರ್ದು."

ಗೌಡರ ಅಂಗಳದಿಂದ ಗದ್ದೆಗೆ ಬಂದು, ಅಪ್ಪನೂ ಸೇರಿ ನಾವು ಮೂವರೇ ನಾಟಿಗೆ ಇಳಿದೆವು. ಅಪ್ಪನಿಗೆ ಮಂಡಿ ಬಗ್ಗದು, ಆದರೂ ಬಗ್ಗಿದ. ಗೊನೆಯನ್ನು ಅವ್ವ ಬದುವಿನ ಮೇಲೆ ಟವೆಲ್ ಮುಚ್ಚಿ ಇಟ್ಟಳು. ಬದುವಿನ ಕಡೆ ಏನಾದರೂ ಸದ್ದಾದರೆ ಪೈರು ಕೈಯಲ್ಲಿ ಹಿಡಿದೇ ತಲೆ ಎತ್ತಿ ನೋಡುತ್ತಿದ್ದಳು.

ಹೊತ್ತು ನೆತ್ತಿಗೆ ಬಂದಾಗ ರವೀಂದ್ರನ ಬೈಕು ಬಂತು. ಅವನು ಇಳಿಯಲಿಲ್ಲ. ನೋಟು ಮಡಿಸಿ ನಮ್ಮ ಕಡೆ ಎಸೆದ. ಕೆಸರಿಗೆ ಬಿತ್ತು.

"ತಕ್ಕಳ್ರಿ, ಕೂಲಿ. ಮುಯ್ಯಿಗಿಯ್ಯಿ ಅಂತ ಇನ್ನೊಂದ್ಸಲ ಬೀದೀಲಿ ಬಾಯಿ ಬುಟ್ರೆ ನೆಟ್ಟಗಿರಾಕಿಲ್ಲ."

"ದುಡ್ಡು ಬ್ಯಾಡ ಕಣಪ್ಪ. ಜನ ಕಳ್ಸು. ನೀರು ನಿಂತೋಗ್ತದೆ. ದುಡ್ಡು ಬಂದು ನಾಟಿ ಆಕ್ತದಾ?" ಅವ್ವ ಕೇಳಿದಳು.

"ಬೋಸುಡಿ ಮುಂಡೆ, ಆಳು ಆಳಂಗಿರು!"

ಬೈಕು ಹೋಯಿತು. ಅಪ್ಪ ನೋಟುಗಳನ್ನು ಹೆಕ್ಕಿ ತೊಡೆಗೆ ಒರೆಸಿಕೊಂಡ.

"ಮಡೀಕ ಸುಬ್ಬಿ. ಮ್ಯಾಗ್ಲ ಗದ್ದೆ ಅವ್ರದು. ನೀರು ಅವ್ರ ಗದ್ದೆ ದಾಟೇ ನಮಗೆ ಬರ್ಬೇಕು. ತೂಬು ಮುಚ್ಚಿದ್ರೆ ಏನ್ ಮಾಡೀಯೆ?"

ಅವ್ವ ನೋಟನ್ನು ಸೆರಗಿಗೆ ಕಟ್ಟಿಕೊಂಡು ಮತ್ತೆ ಬಗ್ಗಿದಳು. ನನ್ನ ಸೊಂಟ ಸೀಳಿಹೋಗುವಂತಾಗಿತ್ತು. ಸಂಜೆ ನೀರುಗಂಟಿ ಬಂದು ನಾಲೆಯ ತೂಬು ಇಳಿಸಿದ. ಅವನ ಕೈಕಾಲು ಹಿಡಿದರೂ ಪ್ರಯೋಜನವಿರಲಿಲ್ಲ, ಸರದಿ ಮೀರಿ ನೀರು ಬಿಡುವುದು ಅವನ ಕೈಲಿರಲಿಲ್ಲ. ನಾವು ನೆಟ್ಟದ್ದು ಅರ್ಧವೂ ಆಗಿರಲಿಲ್ಲ. ಮಿಕ್ಕ ಗದ್ದೆಯಲ್ಲಿ ನೀರು ಇಂಗತೊಡಗಿತು. ಕಿತ್ತಿಟ್ಟ ಪೈರಿನ ಕಟ್ಟುಗಳು ಬಿಸಿಲಿಗೆ ತುದಿ ಬಾಡಿಸಿಕೊಂಡು ಬಿದ್ದಿದ್ದವು. ಮುಂದಿನ ಸರದಿ ಬರುವಷ್ಟರಲ್ಲಿ ಅವು ದನಕ್ಕೆ.

ಅವ್ವ ಸೀರೆ ಎತ್ತಿಕಟ್ಟಿ ಮೇಲಿನ ಗದ್ದೆಗೆ ಹೋದಳು. ಅಲ್ಲಿ ಗೌಡರ ಪೈರು ಬೇರು ಹಿಡಿದು ಹಸುರಾಗಿತ್ತು. ಕೂಲಿಯ ನೋಟನ್ನು ಬದುವಿನ ಮೇಲಿಟ್ಟು ಹಾರದಂತೆ ಮಣ್ಣಿನ ಹೆಂಟೆ ಹೇರಿದಳು. ಆಮೇಲೆ ಬಗ್ಗಿ ಕೀಳತೊಡಗಿದಳು.

"ಅವ್ವಾ! ಏನ್ ಮಾಡ್ತಿದ್ದೀಯೆ?"

"ಈ ಮೂಲೆ ನಾನು ನೆಟ್ಟಿದ್ದು. ನಾನೇ ಕೀಳ್ತೀನಿ. ಅವ್ರ ದುಡ್ಡು ಅಲ್ಲೇ ಅದೆ, ತಕ್ಕಳ್ಲಿ."

ಅಪ್ಪ ಬದುವಿನ ಮೇಲೆ ಕುಸಿದು ತಲೆ ಹಿಡಿದುಕೊಂಡ. "ಮನೆ ಆಳ್ಮಾಡ್ಬುಟ್ಟಲ್ಲೇ, ಊರಲ್ಲಿ ಇರಾಕ್ ಬುಟ್ಟಾರೇನೇ?" ಎಂದು ಒಂದೇ ಸಮನೆ ಹೇಳುತ್ತಿದ್ದ. ಅವನು ಹೇಳುತ್ತಿದ್ದುದು ನಿಜವೇ ಆಗಿತ್ತು. ಇನ್ನು ನಮ್ಮ ಗದ್ದೆಗೆ ನೀರಿಲ್ಲ, ಬೀದಿಯಲ್ಲಿ ಕೆಲಸವಿಲ್ಲ, ರಾತ್ರಿಗೆ ಏನೇನಿದೆಯೋ. ನನಗೆ ಭಯವಾಗಿತ್ತು. ಆದರೂ ಇಳಿದು ಅವ್ವನ ಪಕ್ಕದಲ್ಲಿ ಬಗ್ಗಿದೆ. ಬೇರು ಬಿಡುವಾಗ ಕೆಸರು ಚಪ್ ಚಪ್ ಎನ್ನುತ್ತಿತ್ತು.

ಯಾರು ನೋಡಿ ಹೇಳಿದರೋ, ಊರ ಕಡೆಯಿಂದ ಕೂಗು ಕೇಳಿಸಿತು. ಚನ್ನಪ್ಪಗೌಡ ದೊಣ್ಣೆ ಹಿಡಿದು ಓಡಿಬರುತ್ತಿದ್ದ. ಹಿಂದೆ ರವೀಂದ್ರ, ಬೀದಿಯ ಗಂಡಸರು, ಸೀರೆಯ ನೆರಿಗೆ ಎತ್ತಿ ಹಿಡಿದ ಅನಸೂಯಮ್ಮ, ಅವಳ ಹಿಂದೆ ಇನ್ನಷ್ಟು ಹೆಂಗಸರು. ಬದುವಿನ ದಾರಿ ಸುತ್ತಾಗುತ್ತದೆಂದು ಎಲ್ಲರೂ ನೇರ ನಮ್ಮ ಗದ್ದೆಗೇ ಇಳಿದರು. ಇಡೀ ದಿನ ನಾವು ನೆಟ್ಟದ್ದನ್ನು ತುಳಿಯುತ್ತಾ, ಮಂಡಿಯವರೆಗೆ ನಮ್ಮ ಕೆಸರಲ್ಲಿ ಹೂತುಕೊಳ್ಳುತ್ತಾ ಬಂದರು.

ಅವ್ವ ಸೊಂಟ ನೆಟ್ಟಗೆ ಮಾಡಿ ನೋಡಿದಳು. ಕೈಯಲ್ಲಿ ಪೈರಿತ್ತು.

"ಬಾನೂ, ಆ ಬಾಳೆಹಣ್ಣು ಈಚೆ ಮಡಗು," ಎಂದಳು. "ಮುಯ್ಯಾಳು ಬಂದ್ರು."